ಹಿಮ್ಮಡಿ ಏಳಲಿ, ಬೆರಳು ಬಿಡದಿರಲಿ: ಹಿರಿಯರಿಗೆ ಮಿನಿ ಟ್ರ್ಯಾಂಪೊಲಿನ್

ಮಳೆಗಾಲ ಹಿಡಿಯಿತೆಂದರೆ ಕಾಸರಗೋಡಿನ ತೋಟದ ಮನೆಗಳಲ್ಲಿ ಮೊದಲು ನಿಲ್ಲುವುದು ಹಿರಿಯರ ನಡಿಗೆ. ಅಂಗಳದಲ್ಲಿ ಪಾಚಿ, ತೋಟಕ್ಕಿಳಿಯುವ ಮುರಕಲ್ಲಿನ ಮೆಟ್ಟಿಲಲ್ಲಿ ಪಾಚಿ, ಕಣಿ ದಾಟುವ ಅಡಕೆ ಮರದ ಸಂಕದ ಮೇಲೂ ಪಾಚಿ. "ಜಾರೀತು, ಹೊರಗೆ ಇಳಿಯಬೇಡಿ" ಎಂದು ಮನೆಯವರು ಹೇಳುವುದೂ ಸರಿಯೇ. ಹೀಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅಜ್ಜ ಅಜ್ಜಿಯರ ಓಡಾಟ ಚಾವಡಿಯಿಂದ ಅಡಿಗೆಮನೆಗೆ, ಅಲ್ಲಿಂದ ಬಚ್ಚಲಿಗೆ, ಅಷ್ಟಕ್ಕೇ ಮುಗಿಯುತ್ತದೆ. ನಾಲ್ಕು ತಿಂಗಳು ಕೂತ ಕಾಲು ಮಳೆ ಬಿಟ್ಟ ಮೇಲೆ ಒಣಗಿದ ನೆಲದಲ್ಲೇ ಎಡವುತ್ತದೆ.

ಇದಕ್ಕೆ ಪರಿಹಾರವೆಂದು ಮಿನಿ ಟ್ರ್ಯಾಂಪೊಲಿನ್ ಎಂಬ ದುಂಡಗಿನ ಪುಟಿಯುವ ಹಾಸನ್ನು ತೋರಿಸುವ ವೀಡಿಯೊಗಳು ಫೋನಿನಿಂದ ಫೋನಿಗೆ ದಾಟುತ್ತಿವೆ. ದೂರದ ಊರಲ್ಲಿರುವ ಮಗನೋ ಮಗಳೋ ಆನ್‌ಲೈನಿನಲ್ಲಿ ಒಂದನ್ನು ತರಿಸಿಯೂ ಬಿಡಬಹುದು. ಪೆಟ್ಟಿಗೆ ಬಿಚ್ಚುವ ಮೊದಲು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಅದರಲ್ಲಿ ಮೊದಲನೆಯದು: ಹಿರಿಯರಿಗೆ ಹೇಳಿದ ಈ ವ್ಯಾಯಾಮದಲ್ಲಿ ಹಾರುವುದೇ ಇಲ್ಲ.

## ಹಾಗಾದರೆ ಮಾಡುವುದೇನು?

ಹಾಸಿನ ನಡುವೆ, ಮುಂದಿನ ಕಂಬಿ ಹಿಡಿದು, ಪಾದಗಳ ನಡುವೆ ಒಂದು ಗೇಣು ಬಿಟ್ಟು ನಿಲ್ಲುವುದು. ಮೊಣಕಾಲನ್ನು ಸ್ವಲ್ಪ ಸಡಿಲ ಬಿಟ್ಟು ಹಿಮ್ಮಡಿಯಿಂದ ಹಾಸನ್ನು ಮೆಲ್ಲಗೆ ಕೆಳಕ್ಕೆ ಒತ್ತುವುದು. ಹಾಸು ತಿರುಗಿ ಮೇಲಕ್ಕೆ ತಳ್ಳುತ್ತದೆ, ಹಿಮ್ಮಡಿ ಒಂದೆರಡು ಬೆರಳಿನಷ್ಟು ಏಳುತ್ತದೆ. ಕಾಲ್ಬೆರಳು ಮತ್ತು ಪಾದದ ಮುಂಭಾಗ ಮಾತ್ರ ಹಾಸನ್ನು ಬಿಡುವುದೇ ಇಲ್ಲ. ಯಕ್ಷಗಾನದ ಧೀಂಗಿಣ ಇಲ್ಲಿ ಬೇಡ; ತೊಟ್ಟಿಲು ತೂಗುವಾಗ ಎಷ್ಟು ಹದವೋ ಅಷ್ಟೇ ಹದ.

ಟ್ರ್ಯಾಂಪೊಲಿನ್ ಹುಟ್ಟಿದ್ದು ಹಿರಿಯರಿಗಾಗಿ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಜಾರ್ಜ್ ನಿಸೆನ್ ಮತ್ತು ಲ್ಯಾರಿ ಗ್ರಿಸ್‌ವೋಲ್ಡ್ ಎಂಬಿಬ್ಬರು ಜಿಮ್ನಾಸ್ಟಿಕ್ಸ್‌ನವರ ಲಾಗಕ್ಕಾಗಿ ಮಾಡಿದ ಸಾಧನ ಅದು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಅದೊಂದು ಸ್ಪರ್ಧೆಯೂ ಆಯಿತು. ಮನೆಯೊಳಗೆ ಇಡುವ, ಸುಮಾರು ಒಂದು ಮೀಟರ್ ಅಗಲದ ಚಿಕ್ಕದೇ ಮಿನಿ ಟ್ರ್ಯಾಂಪೊಲಿನ್. ಉಕ್ಕಿನ ಬಳೆ, ಅದಕ್ಕೆ ಆರು ಅಥವಾ ಎಂಟು ಕಾಲು, ನಡುವೆ ಬಿಗಿಯಾದ ನೇಯ್ಗೆಯ ಹಾಸು, ಹಾಸನ್ನೂ ಬಳೆಯನ್ನೂ ಸೇರಿಸುವ ಸ್ಪ್ರಿಂಗ್ ಅಥವಾ ರಬ್ಬರ್ ಹಗ್ಗ, ಅದರ ಮೇಲೊಂದು ಮೆತ್ತೆಯ ಹೊದಿಕೆ. ಹಿರಿಯರಿಗೆಂದು ಕೊಳ್ಳುವಾಗ ಹಿಡಿಕಂಬಿ ಇರಲೇಬೇಕು.

## ದೇಹ ಸಮತೋಲ ಕಾಯುವುದು ಹೇಗೆ?

ಬೀಳದೆ ನಿಲ್ಲುವುದಕ್ಕೆ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬೇಕು. ಒಂದು, ಕಣ್ಣು. ಎರಡು, ಪಾದ ಮತ್ತು ಕೀಲುಗಳು: ನೆಲ ಗಟ್ಟಿಯೋ ಮೆತ್ತಗೋ, ಇಳಿಜಾರೋ, ಮೈಭಾರ ಯಾವ ಕಾಲಿನ ಮೇಲಿದೆ ಎಂಬುದನ್ನೆಲ್ಲ ಅಲ್ಲಿನ ನರಗಳು ಹೇಳುತ್ತವೆ. ಕತ್ತಲಲ್ಲಿ ಸಂಕ ದಾಟಬಲ್ಲವರು ಈ ಪಾದದ ಸುದ್ದಿಯನ್ನೇ ನಂಬಿ ದಾಟುತ್ತಾರೆ. ಮೂರು, ಒಳಕಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳು ತಲೆ ತಿರುಗಿದ್ದನ್ನು ಅಳೆಯುತ್ತವೆ. ಪಕ್ಕದಲ್ಲಿರುವ ಎರಡು ಪುಟ್ಟ ಚೀಲಗಳು ನೇರ ಚಲನೆಯನ್ನು ಅಳೆಯುತ್ತವೆ. ಒಂದು ಚೀಲ ಹಿಂದು ಮುಂದಿನದಕ್ಕೆ, ಇನ್ನೊಂದು ಮೇಲೆ ಕೆಳಗಿನದಕ್ಕೆ. ಚೀಲದೊಳಗಿನ ಲೋಳೆಯ ಮೇಲೆ ಸುಣ್ಣದ ಸಣ್ಣ ಹರಳುಗಳು ಕೂತಿರುತ್ತವೆ. ದೇಹ ಚಲಿಸಿದಾಗ ಹರಳಿನ ಭಾರಕ್ಕೆ ಲೋಳೆ ಜರುಗುತ್ತದೆ, ಕೆಳಗಿನ ರೋಮಕೋಶಗಳ ಕೂದಲಿನಂಥ ಎಳೆಗಳು ಬಾಗಿ ಮೆದುಳಿಗೆ ಸುದ್ದಿ ಮುಟ್ಟುತ್ತದೆ.

ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ಕಣ್ಣಿಗೆ ಪೊರೆ, ಸಕ್ಕರೆ ಕಾಯಿಲೆಯಿದ್ದರೆ ಪಾದದ ಸ್ಪರ್ಶ ಕಡಿಮೆ, ಒಳಕಿವಿಯ ರೋಮಕೋಶಗಳೂ ಕಡಿಮೆ. ಇದರ ಮೇಲೆ ಸ್ನಾಯು ಸೊರಗುವುದೂ ಸೇರುತ್ತದೆ. ಸ್ನಾಯುವಿನಲ್ಲಿ ನಿಧಾನದ ಎಳೆ, ಚುರುಕಿನ ಎಳೆ ಎಂದು ಎರಡು ಬಗೆ. ಹೆಚ್ಚು ಸೊರಗುವುದು ಚುರುಕಿನವು. ಎಡವಿದ ಕ್ಷಣದಲ್ಲಿ ಕಾಲನ್ನು ಥಟ್ಟನೆ ಮುಂದಿಟ್ಟು ಬೀಳದಂತೆ ತಡೆಯುವುದು ಇವೇ ಎಳೆಗಳು. "ದಿನಾ ನಡೆಯುತ್ತೇನಲ್ಲ, ಮತ್ತೆ ಬಿದ್ದದ್ದೇಕೆ?" ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಸಮನೆಲದ ನಿಧಾನ ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಎಡವಿದಾಗ ಚೇತರಿಸಿಕೊಳ್ಳುವ ಅಭ್ಯಾಸವನ್ನು ಅದು ಹೆಚ್ಚು ಕೊಡುವುದಿಲ್ಲ.

## ಪುಟಿಯುವ ಹಾಸು ಕಲಿಸುವುದೇನು?

ಗಟ್ಟಿ ನೆಲ ನಂಬಿಗಸ್ತ. ಕಾಲಿಟ್ಟಲ್ಲಿ ಹಾಗೇ ಇರುತ್ತದೆ. ಹಾಸು ಹಾಗಲ್ಲ. ಭಾರ ಬಲಕ್ಕೆ ಸರಿದರೆ ಬಲಕ್ಕೆ ತಗ್ಗುತ್ತದೆ, ಬೆರಳ ಕಡೆ ಒತ್ತಿದರೆ ಮುಂದಕ್ಕೆ ತಗ್ಗುತ್ತದೆ. ಅದನ್ನು ಸರಿದೂಗಿಸಲು ಹರಡು (ಪಾದದ ಗಂಟು), ಮೊಣಕಾಲು, ಸೊಂಟ ಮೂರೂ ಕ್ಷಣಕ್ಷಣಕ್ಕೆ ಸಣ್ಣ ತಿದ್ದುಪಡಿ ಮಾಡುತ್ತಲೇ ಇರಬೇಕು. ಪ್ರತಿ ಪುಟಿತವೂ ಒಂದು ಪುಟ್ಟ ಎಡವು, ಒಂದು ಪುಟ್ಟ ಚೇತರಿಕೆ, ಅದೂ ಕೈಗೆ ಕಂಬಿ ಇರುವ ಜಾಗದಲ್ಲಿ. ಮೇಲೆ ಕೆಳಗಿನ ಚಲನೆಯಿಂದ ಒಳಕಿವಿಯ ಚೀಲಕ್ಕೂ ಕೆಲಸ ಸಿಗುತ್ತದೆ. ತಲೆ ಕುಣಿಯುತ್ತಿದ್ದರೂ ನೋಟ ಒಂದೇ ಕಡೆ ನಿಲ್ಲಬೇಕಾದ್ದರಿಂದ ಕಣ್ಣು ಕಿವಿಗಳ ಹೊಂದಾಣಿಕೆಗೂ ಅಭ್ಯಾಸವಾಗುತ್ತದೆ.

ಮೊಣಕಾಲಿಗೆ ಪೆಟ್ಟಾಗದೇ ಎಂದು ಕೇಳುವವರಿದ್ದಾರೆ. ತೆಂಗಿನಕಾಯಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ಹಟ್ಟಿಯ ಸೊಪ್ಪಿನ ರಾಶಿಯ ಮೇಲೆ ಬಿದ್ದರೆ ಒಡೆಯುವುದಿಲ್ಲ. ಎರಡೂ ಕಡೆ ಕಾಯಿಯ ವೇಗ ಒಂದೇ, ನಿಲ್ಲಲು ತೆಗೆದುಕೊಂಡ ಸಮಯ ಮಾತ್ರ ಬೇರೆ. ಸ್ಪ್ರಿಂಗ್ ಮಾಡುವುದೂ ಅದನ್ನೇ: ನಿಲ್ಲುವ ಸಮಯವನ್ನು ಎಳೆದು ಪೆಟ್ಟನ್ನು ಹರಡುತ್ತದೆ. ಆದರೆ ಇದರಿಂದ ಎಲ್ಲ ಮೊಣಕಾಲಿಗೂ ಇದು ಕ್ಷೇಮ ಎಂದಾಗುವುದಿಲ್ಲ. ಬಾತು ಬಿಸಿಯಾಗಿರುವ ಮೊಣಕಾಲಿಗೆ ಹಾಸಿನ ಅಲುಗಾಟವೇ ನೋವು ತಂದೀತು.

ಹಿರಿಯರ ಮೇಲೇ ನಡೆದ ಅಧ್ಯಯನಗಳಿವೆ. 2011ರಲ್ಲಿ ಪ್ರಕಟವಾದ ಒಂದರಲ್ಲಿ 14 ವಾರ ಮಿನಿ ಟ್ರ್ಯಾಂಪೊಲಿನ್ ಅಭ್ಯಾಸ ಮಾಡಿದ ಹಿರಿಯರು, ಮುಂದಕ್ಕೆ ವಾಲಿ ಬೀಳುವಂತಾದಾಗ ಮತ್ತೆ ನಿಲ್ಲುವ ಸಾಮರ್ಥ್ಯದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಸುಧಾರಿಸಿದ್ದರು. 2019ರಲ್ಲಿ ಆಸ್ಟ್ರಿಯಾದಿಂದ ಬಂದ ಇನ್ನೊಂದರಲ್ಲಿ, ಮೂಳೆ ಸಾಂದ್ರತೆ ಕಡಿಮೆಯಾಗುತ್ತಿದ್ದ ಹಿರಿಯ ಮಹಿಳೆಯರು 12 ವಾರ ಮಾಡಿದಾಗ ಸಮತೋಲ ಮತ್ತು ನಡಿಗೆ ಸುಧಾರಿಸಿ, ಬೀಳುವ ಭಯವೂ ತಗ್ಗಿತ್ತು. ಎರಡೂ ಕಡಿಮೆ ಜನರ ಮೇಲೆ, ತರಬೇತುದಾರರ ಕಣ್ಣೆದುರು ನಡೆದವು. ಮನೆಯಲ್ಲಿ ಒಬ್ಬರೇ ಮಾಡುವುದಕ್ಕೆ ಇದೇ ಫಲ ಎಂದು ಓದಿಕೊಳ್ಳಬಾರದು.

ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ಕೊಡುವ ಸಲಹೆಯಲ್ಲಿ ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲ ಸೇರಿದ ವ್ಯಾಯಾಮ ಇರಬೇಕು ಎಂದಿದೆ. ಪುಟಿತ ಅದಕ್ಕೊಂದು ದಾರಿ, ಒಂದೇ ದಾರಿಯಲ್ಲ. 2011ರ ಜನಗಣತಿಯ ಪ್ರಕಾರವೇ ಕೇರಳದ ಜನರಲ್ಲಿ 60 ದಾಟಿದವರು ನೂರಕ್ಕೆ 12.6, ದೇಶದ ಲೆಕ್ಕ ಆಗ 8.6. ಇಲ್ಲಿನ ಮನೆಗಳಲ್ಲಿ ಈ ಮಾತು ಏಳುವುದು ಸಹಜವೇ.

## ವೀಡಿಯೊದಲ್ಲಿ ಕೇಳುವ ಮಾತುಗಳು

"ಓಟಕ್ಕಿಂತ ಶೇ 68ರಷ್ಟು ಉತ್ತಮ ಎಂದು ನಾಸಾ ಹೇಳಿದೆ." ಈ ಮಾತಿನ ಮೂಲ 1980ರ ಒಂದು ಅಧ್ಯಯನ. ಅದರಲ್ಲಿ ಇದ್ದದ್ದು 19ರಿಂದ 26 ವಯಸ್ಸಿನ ಎಂಟು ಯುವಕರು. ಓಡುವಾಗ ಮತ್ತು ಟ್ರ್ಯಾಂಪೊಲಿನ್ ಮೇಲೆ ಹಾರುವಾಗ ಹರಡು, ಬೆನ್ನು, ಹಣೆಗಳ ಮೇಲೆ ಬೀಳುವ ಕುಲುಕನ್ನು ಅಳೆದು, ಅದನ್ನು ಬಳಸಿದ ಆಮ್ಲಜನಕದ ಜತೆ ಹೋಲಿಸಿದ್ದರು. 70ರ ಅಜ್ಜಿಯ ಸಮತೋಲಕ್ಕೂ ಆ ಸಂಖ್ಯೆಗೂ ಸಂಬಂಧವಿಲ್ಲ.

"ದೇಹದ ವಿಷ ಹೊರಹೋಗುತ್ತದೆ" ಎನ್ನುವುದು ಇನ್ನೊಂದು. ಅಂಗಾಂಶಗಳ ನಡುವಿನ ದ್ರವವನ್ನು ರಕ್ತಕ್ಕೆ ಮರಳಿಸುವ ದುಗ್ಧನಾಳಗಳಿಗೆ ಹೃದಯದಂಥ ಪಂಪು ಇಲ್ಲ; ನಾಳಗಳ ಸ್ವಂತ ಹಿಂಡುವಿಕೆ, ಸ್ನಾಯುಗಳ ಒತ್ತಡ, ಉಸಿರಾಟ ಸೇರಿ ದ್ರವ ಸಾಗುತ್ತದೆ, ಹಿಂದಕ್ಕೆ ಬಾರದಂತೆ ಒಳಗೆ ಕವಾಟಗಳಿವೆ. ಮೀನಖಂಡ ಆಡಿದರೆ ಈ ಹರಿವಿಗೆ ನೆರವಾಗುವುದು ನಿಜ. ನಡೆದರೂ ಆಗುತ್ತದೆ. ರಕ್ತದಲ್ಲಿ ಬೇಡದ್ದನ್ನು ವಿಲೇವಾರಿ ಮಾಡುವುದು ಯಕೃತ್ತು ಮತ್ತು ಮೂತ್ರಪಿಂಡಗಳು. ಅವು ಪುಟಿತಕ್ಕೆ ಕಾಯುವುದಿಲ್ಲ.

"ಮೂಳೆ ಗಟ್ಟಿಯಾಗುತ್ತದೆ" ಎಂಬ ಮೂರನೆಯದರಲ್ಲಿ ಎಚ್ಚರ ಬೇಕು. ಮೂಳೆ ಬಲಗೊಳ್ಳುವುದು ಪೆಟ್ಟು ಮತ್ತು ಭಾರಕ್ಕೆ. ಪೆಟ್ಟು ತಗ್ಗಿಸುವುದೇ ಹಾಸಿನ ಗುಣವಾದ್ದರಿಂದ, ಹಿಮ್ಮಡಿಯಷ್ಟೇ ಏಳುವ ಪುಟಿತದಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ವೈದ್ಯರು ಕೊಟ್ಟ ಕ್ಯಾಲ್ಸಿಯಂ, ವಿಟಮಿನ್ ಡಿ ಅಥವಾ ಮೂಳೆಯ ಔಷಧಿಯನ್ನು ಇದನ್ನು ನಂಬಿ ನಿಲ್ಲಿಸಬಾರದು.

## ಯಾರು ಹತ್ತಬಾರದು?

ಬೆನ್ನುಮೂಳೆ ಕುಸಿದು ಮುರಿದವರು, ಮೂಳೆ ತೀರ ಟೊಳ್ಳಾಗಿದೆ ಎಂದು ಗೊತ್ತಾದವರು, ಬಿ.ಪಿ. ಹತೋಟಿಗೆ ಬಾರದವರು, ನಡೆದರೆ ಎದೆನೋವು ಬರುವವರು, ಮೂರ್ಛೆ ರೋಗವಿದ್ದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಪಾದದಲ್ಲಿ ಹುಣ್ಣಿರುವ ಸಕ್ಕರೆ ಕಾಯಿಲೆಯವರು ದೂರವಿರಬೇಕು. ಸೊಂಟ ಅಥವಾ ಮೊಣಕಾಲಿನ ಕೀಲು ಬದಲಿಸಿಕೊಂಡವರು, ಈಚೆಗೆ ಕಣ್ಣಿನ ಆಪರೇಷನ್ ಆದವರು, ಅಕ್ಷಿಪಟಲದ ತೊಂದರೆ ಇರುವವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಯಾ ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರೆಂದು ತಿರುಗುವ ತಲೆಸುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಆಗಲೇ ಹೇಳಿದ ಸುಣ್ಣದ ಹರಳುಗಳು ಚೀಲದಿಂದ ಜಾರಿ ಅರ್ಧವೃತ್ತದ ನಾಳದೊಳಕ್ಕೆ ಸೇರಿದಾಗ ಆಗುವ ತೊಂದರೆ ಅದು. ತಲೆಯನ್ನು ಕ್ರಮವಾಗಿ ಬೇರೆಬೇರೆ ಕೋನಕ್ಕೆ ತಿರುಗಿಸಿ ಹರಳನ್ನು ಜಾಗಕ್ಕೆ ಮರಳಿಸುವ ವಿಧಾನ ಕಿವಿಯ ವೈದ್ಯರಿಗೆ, ಫಿಸಿಯೊಥೆರಪಿಯವರಿಗೆ ಗೊತ್ತು.

ಔಷಧಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆ ತಿನ್ನುವವರಿಗೆ ಎದ್ದು ನಿಂತಾಗ ಕಣ್ಣು ಕತ್ತಲಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಬಿದ್ದರೆ ಸಣ್ಣ ಪೆಟ್ಟಿಗೂ ಒಳಗೆ ರಕ್ತ ಹರಿಯುವ ಅಪಾಯ ಹೆಚ್ಚು. ಇನ್ನು ಹೆಂಗಸರು ಬಾಯಿ ಬಿಟ್ಟು ಹೇಳದ ಒಂದು ತೊಂದರೆ: ಕೆಮ್ಮಿದಾಗ, ಸೀನಿದಾಗ ಮೂತ್ರ ಹನಿಯುವುದು. ಪುಟಿತದಲ್ಲಿ ಅದು ಹೆಚ್ಚಾಗಬಹುದು. ಶುರುವಿಗೆ ಮೊದಲು ಮೂತ್ರ ಮಾಡಿ ಬರುವುದು, ಎತ್ತರ ತಗ್ಗಿಸುವುದು ನೆರವಾಗುತ್ತದೆ. ಆದರೂ ಹನಿಯುತ್ತಿದ್ದರೆ, ಅಥವಾ ಗರ್ಭಕೋಶ ಜಾರಿದ್ದರೆ, ಈ ವ್ಯಾಯಾಮ ಬಿಟ್ಟು ಡಾಕ್ಟರರಲ್ಲಿ ಹೇಳುವುದೇ ಸರಿ.

## ಹತ್ತುವ ಮೊದಲು ಮೂರು ಪರೀಕ್ಷೆ

ಅಡಿಗೆಮನೆಯ ಕಟ್ಟೆಯ ಪಕ್ಕ, ಒಬ್ಬರನ್ನು ಹತ್ತಿರ ನಿಲ್ಲಿಸಿಕೊಂಡು ಮಾಡಿ. ಮೊದಲನೆಯದು ನಿಲ್ಲುವ ಪರೀಕ್ಷೆ. ಮೊದಲು ಪಾದ ಜೋಡಿಸಿ 10 ಸೆಕೆಂಡು ನಿಲ್ಲಿ. ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಟ್ಟು 10 ಸೆಕೆಂಡು. ಕೊನೆಗೆ ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ, ಒಂದೇ ಗೆರೆಯ ಮೇಲೆ 10 ಸೆಕೆಂಡು. ಈ ಕೊನೆಯದು ಕೈ ಹಿಡಿಯದೆ ಆಗದಿದ್ದರೆ ಬೀಳುವ ಅಪಾಯ ಹೆಚ್ಚಿದೆ ಎಂದು ಅರ್ಥ. ಹಾಸು ಸದ್ಯ ಬೇಡ.

ಎರಡನೆಯದು ಕುರ್ಚಿ ಪರೀಕ್ಷೆ. ಕೈಯಿಲ್ಲದ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು ನೋಡಿ. 70ರಿಂದ 74ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು. ಮೂರನೆಯದು, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರ.

ಒಂದರಲ್ಲಾದರೂ ಹಿಂದೆ ಬಿದ್ದವರು ಹಾಸಿಗಿಂತ ಮೊದಲು ಆರು ವಾರ ನೆಲದ ಮೇಲಿನ ಕೆಲಸ ಮಾಡಬೇಕು. ಅದು ಯಾವುದೆಂದು ಕೊನೆಯಲ್ಲಿದೆ. ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮೂರು ತಿಂಗಳ ನಂತರ ಹೋಲಿಸಲು ಸಿಗುತ್ತದೆ.

## ಕೊಳ್ಳುವಾಗ, ಜೋಡಿಸುವಾಗ

ಅಗಲ 40ರಿಂದ 48 ಇಂಚು ಇರಲಿ. 36 ಇಂಚಿನದರಲ್ಲಿ ಹೊದಿಕೆ ಕಳೆದರೆ ಕಾಲಿಡಲು ಉಳಿಯುವ ಹಾಸು ಚಿಕ್ಕದು. ಹಾಸಿನ ಎತ್ತರ ನೆಲದಿಂದ 20–25 ಸೆಂಟಿಮೀಟರ್ ಸಾಕು, ಒಂದು ಮೆಟ್ಟಿಲಿಗಿಂತ ತುಸು ಹೆಚ್ಚು. ಪೆಟ್ಟಿಗೆಯ ಮೇಲೆ ಬರೆದ ತೂಕದ ಮಿತಿ ಬಳಸುವವರ ತೂಕಕ್ಕಿಂತ 30 ಕಿಲೊ ಆದರೂ ಹೆಚ್ಚಿರಬೇಕು. ಹಿಡಿಕಂಬಿ ಎರಡು ಕಾಲುಗಳಿಗೆ ಬೋಲ್ಟ್ ಆಗುವಂಥದ್ದಾಗಲಿ. ಒಂದೇ ಕೊಳವೆಯ ಮೇಲೆ ನಿಂತದ್ದು ಹಿಡಿದಾಗ ತಿರುಚುತ್ತದೆ. ಹಾಸಿನ ಮೇಲೆ ನಿಂತಾಗ ಕಂಬಿ ಸೊಂಟದಿಂದ ಹೊಕ್ಕುಳಿನ ನಡುವಿನ ಎತ್ತರಕ್ಕೆ ಬಂದು, ಮೊಣಕೈ ಸ್ವಲ್ಪ ಮಡಚಿರಬೇಕು.

ಸ್ಪ್ರಿಂಗೋ ರಬ್ಬರ್ ಹಗ್ಗವೋ? ರಬ್ಬರಿನದು ಮೆತ್ತಗೆ, ಸದ್ದಿಲ್ಲ. ಸ್ಪ್ರಿಂಗಿನದು ತುಸು ಗಡುಸು, ಕಿರ್ರೆನ್ನುತ್ತದೆ, ಬೆಲೆ ಸಾಮಾನ್ಯವಾಗಿ ಕಡಿಮೆ. ಕಾಲು ನಡುಗುವ ಹಿರಿಯರಿಗೆ ತೀರ ಮೆತ್ತಗಿನ ಹಾಸು ಒಳ್ಳೆಯದಲ್ಲ: ಪಾದ ಆಳಕ್ಕೆ ಹೋದಷ್ಟೂ ಹರಡು ಒಳಕ್ಕೆ ವಾಲುತ್ತದೆ. ನಿಂತಾಗ ಹಾಸು ಮೂರು ನಾಲ್ಕು ಬೆರಳಿಗಿಂತ ಹೆಚ್ಚು ತಗ್ಗಬಾರದು. ಮಕ್ಕಳ ಆಟದ ಟ್ರ್ಯಾಂಪೊಲಿನ್ ಅಗ್ಗಕ್ಕೆ ಸಿಗುತ್ತದೆಂದು ತರಿಸುವುದು ಹಣ ದಂಡ.

ಜೋಡಿಸುವಾಗ ಸ್ಪ್ರಿಂಗುಗಳನ್ನು ಸಾಲಾಗಿ ಹಾಕುತ್ತ ಹೋದರೆ ಕೊನೆಯ ನಾಲ್ಕೈದನ್ನು ಎಳೆದು ಸಿಕ್ಕಿಸಲು ಆಗುವುದೇ ಇಲ್ಲ. ಗಡಿಯಾರದ 12ರಲ್ಲಿ ಒಂದು, 6ರಲ್ಲಿ ಒಂದು, 3ರಲ್ಲಿ, 9ರಲ್ಲಿ, ಆಮೇಲೆ ಅವುಗಳ ನಡುವೆ, ಹೀಗೆ ಎದುರು ಬದುರಾಗಿ ಹಾಕಬೇಕು. ಮಡಚುವ ಮಾದರಿಯನ್ನು ಬಿಡಿಸಲು ಗಟ್ಟಿಯಾದ ಇಬ್ಬರು ಬೇಕು. ಸ್ಪ್ರಿಂಗಿನ ಬಿಗಿಗೆ ಬಳೆ ಫಟ್ಟನೆ ಮುಚ್ಚಿಕೊಂಡರೆ ಕೈಬೆರಳು ಸಿಕ್ಕಿಬೀಳುತ್ತದೆ. ಒಮ್ಮೆ ಬಿಡಿಸಿದ್ದನ್ನು ದಿನಾ ಮಡಚಬೇಡಿ.

ಇಡುವ ಜಾಗ ಚಾವಡಿಯ ಮೂಲೆಯಾದರೆ ಒಳ್ಳೆಯದು. ಹಿಡಿಕಂಬಿ ಗೋಡೆಯ ಕಡೆಗಿರಲಿ, ಗೋಡೆಗೂ ಅದಕ್ಕೂ ಒಂದಡಿ ಸಾಕು. ಆಗ ಕಂಬಿಯನ್ನು ತಳ್ಳಿದರೂ ಇಡೀ ಸಾಧನ ಮುಂದಕ್ಕೆ ಮಗುಚುವುದಿಲ್ಲ. ಹಿಂದೆ ಎರಡು ಮೀಟರಿನಷ್ಟು ಮೇಜು, ಕುರ್ಚಿ, ಮೆಟ್ಟಿಲು ಇರಬಾರದು. ಉಜ್ಜಿ ಉಜ್ಜಿ ನುಣುಪಾದ ಕಾವಿ ನೆಲದಲ್ಲೂ ಟೈಲ್ಸಿನಲ್ಲೂ ಕಾಲುಗಳು ಜಾರುತ್ತವೆ. ಕಾಲಿನ ರಬ್ಬರ್ ಟೊಪ್ಪಿ ಸರಿಯಿದೆಯೇ ನೋಡಿ, ಕೆಳಗೆ ರಬ್ಬರ್ ಮ್ಯಾಟ್ ಹಾಸಿ. ಜಗಲಿಯ ತುದಿಯಲ್ಲಿ, ಎರಚಲು ಬೀಳುವಲ್ಲಿ ಇಡಬೇಡಿ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಕಡಲ ಗಾಳಿ ಆಡುವ ಊರಿದು: ಸ್ಪ್ರಿಂಗಿನ ಕೊಕ್ಕೆಯಲ್ಲಿ ತುಕ್ಕು ಬೇಗ ಕೂರುತ್ತದೆ. ತಿಂಗಳಿಗೊಮ್ಮೆ ಹೊದಿಕೆ ಎತ್ತಿ ನೋಡಬೇಕು. ತುಕ್ಕು ಹಿಡಿದು ಹಿಗ್ಗಿದ ಕೊಕ್ಕೆ, ಬಿರುಕು ಬಿಟ್ಟ ರಬ್ಬರ್, ಹೊಲಿಗೆ ಬಿಟ್ಟ ಹಾಸು ಕಂಡರೆ ಅಂದಿಗೆ ವ್ಯಾಯಾಮ ಇಲ್ಲ.

## ಉಡುಪು, ಹೊತ್ತು

ಮುಂಡಿನ ಅಂಚು, ಸೀರೆಯ ನೆರಿಗೆ ಕಾಲಿಗೆ ಸಿಕ್ಕುತ್ತದೆ. ಗಂಡಸರು ಚಡ್ಡಿ ಅಥವಾ ಪೈಜಾಮ, ಹೆಂಗಸರು ಚೂಡಿದಾರ ಹಾಕಿಕೊಳ್ಳಲಿ. ಸೀರೆಯೇ ಆಗಬೇಕೆಂದರೆ ಮೀನಖಂಡದವರೆಗೆ ಎತ್ತಿ ಸಿಕ್ಕಿಸಲಿ. ಬರಿಗಾಲು ಎಲ್ಲಕ್ಕಿಂತ ಒಳ್ಳೆಯದು, ಪಾದಕ್ಕೆ ಸುದ್ದಿ ಸ್ಪಷ್ಟ ಸಿಗುತ್ತದೆ. ನುಣುಪು ಕಾಲುಚೀಲ ಬೇಡವೇ ಬೇಡ. ಪಾದದ ಸ್ಪರ್ಶ ಕಡಿಮೆಯಿರುವ ಸಕ್ಕರೆ ಕಾಯಿಲೆಯವರು ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕಿ, ಮುಗಿದ ಮೇಲೆ ಅಂಗಾಲು ನೋಡಿಕೊಳ್ಳಬೇಕು.

ಊಟವಾಗಿ ಎರಡು ಗಂಟೆ ಬಿಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿಹೊಟ್ಟೆಯಲ್ಲಿ ಮಾಡಬಾರದು. ಒಂದು ತುಂಡು ಬೆಲ್ಲ ಕೈಗೆಟಕುವಂತಿರಲಿ. ಮಳೆಗಾಲದಲ್ಲಿ ಕರೆಂಟು ಹೋಗುವ ಸಂಜೆ ಬೇಡ, ಬೆಳಗಿನ ಬೆಳಕೇ ಸರಿ. ಹಾಸಿನ ಮೇಲೆ ಇರುವಾಗ ಕತ್ತಲಾದರೆ ಮೂರು ಸುದ್ದಿಗಳಲ್ಲಿ ಒಂದು ಒಮ್ಮೆಲೇ ನಿಲ್ಲುತ್ತದೆ, ಇನ್ನೊಂದು ಆಗಲೇ ಅಲುಗಾಡುತ್ತಿರುತ್ತದೆ.

## ಹತ್ತುವುದು

ಪುಟಿಯುವಾಗಿಗಿಂತ ಹತ್ತುವಾಗ, ಇಳಿಯುವಾಗ ಹೆಚ್ಚು ಎಚ್ಚರ ಬೇಕು. ಹಿಂದಿನಿಂದ ಹತ್ತಲು ಹೋದರೆ ಕಂಬಿ ಒಂದು ಮೀಟರ್ ದೂರ, ಕೈಗೆ ಎಟಕುವುದೇ ಇಲ್ಲ. ಕಂಬಿಯ ಪಕ್ಕದಿಂದ ಬನ್ನಿ. ಒಂದು ಕೈಯಲ್ಲಿ ಕಂಬಿ ಹಿಡಿದು, ಗಟ್ಟಿಯಾದ ಕಾಲನ್ನು ಮೊದಲು ಎತ್ತಿ, ಹೊದಿಕೆಯನ್ನು ದಾಟಿಸಿ ಹಾಸಿನ ಮೇಲೇ ಇಡಿ. ಹೊದಿಕೆಯ ಕೆಳಗಿರುವುದು ಸ್ಪ್ರಿಂಗುಗಳ ಸಂದು. ಅಲ್ಲಿ ಭಾರ ಹಾಕಿದರೆ ಹೊದಿಕೆ ಜರುಗಿ ಕಾಲು ಸಿಕ್ಕುತ್ತದೆ. ಎರಡೂ ಕಾಲು ಬಂದ ಮೇಲೆ ಎರಡೂ ಕೈ ಕಂಬಿಗೆ. ಎತ್ತರ ಕಷ್ಟವೆನಿಸಿದರೆ ಅಲ್ಲಾಡದ, ಅಗಲದ ಮೆಟ್ಟಿಲೊಂದನ್ನು ಮಾಡಿಸಿ. ಊಟಕ್ಕೆ ಕೂರುವ ಮಣೆಯನ್ನು ಆ ಕೆಲಸಕ್ಕೆ ಇಡುವವರಿದ್ದಾರೆ. ನುಣುಪು ನೆಲದಲ್ಲಿ ಮಣೆಯಷ್ಟು ಚೆನ್ನಾಗಿ ಜಾರುವುದು ಬೇರೊಂದಿಲ್ಲ.

## ಹನ್ನೆರಡು ವಾರದ ಕ್ರಮ

ಮೊದಲ ವಾರ ಪುಟಿತವೇ ಇಲ್ಲ. ಕುರ್ಚಿಯಲ್ಲಿ ಕೂತು ಪಾದಗಳನ್ನು ಮಾತ್ರ ಹಾಸಿನ ಮೇಲಿಟ್ಟು ಎರಡು ನಿಮಿಷ ಹಿಮ್ಮಡಿ ಒತ್ತಿ ಬಿಡಿ. ಆಮೇಲೆ ಹತ್ತಿ, ಎರಡೂ ಕೈ ಹಿಡಿದು ಒಂದು ನಿಮಿಷ ಸುಮ್ಮನೆ ನಿಲ್ಲಿ. ಇನ್ನೊಂದು ನಿಮಿಷ ಭಾರವನ್ನು ಬಲಗಾಲಿಂದ ಎಡಗಾಲಿಗೆ, ಎಡದಿಂದ ಬಲಕ್ಕೆ ಸರಿಸಿ. ಇಷ್ಟಕ್ಕೇ ಮೀನಖಂಡ ನಡುಗಿದರೆ ಗಾಬರಿ ಬೇಡ, ಕೆಲಸ ನಡೆಯುತ್ತಿದೆ ಎಂದು ಅರ್ಥ.

ಎರಡು ಮತ್ತು ಮೂರನೆಯ ವಾರ ಹಿಮ್ಮಡಿ ಪುಟಿತ: 30 ಸೆಕೆಂಡು ಮಾಡಿ, 30 ಸೆಕೆಂಡು ನಿಲ್ಲಿ, ಹೀಗೆ ನಾಲ್ಕು ಸಲ. ವೇಗವನ್ನು ನೀವು ಹೇರಬೇಡಿ. ಪ್ರತಿ ಹಾಸಿಗೂ ಅದರ ಮೇಲಿನ ಭಾರಕ್ಕೆ ತಕ್ಕ ತನ್ನದೇ ತಾಳವಿದೆ, ಉಯ್ಯಾಲೆಗಿರುವಂತೆ. ತೂಕ ಹೆಚ್ಚಿದ್ದವರಿಗೆ ತಾಳ ನಿಧಾನ. ಅದರ ಜತೆ ಹೋದರೆ ಶ್ರಮವಿಲ್ಲ, ವಿರುದ್ಧ ಹೋದರೆ ಮೊಣಕಾಲಿಗೆ ಕುಲುಕು. ನಾಲ್ಕರಿಂದ ಆರನೆಯ ವಾರದಲ್ಲಿ ಒಂದು ನಿಮಿಷ ಪುಟಿತ, ಅರ್ಧ ನಿಮಿಷ ವಿರಾಮ, ಐದು ಸುತ್ತು.

ಏಳರಿಂದ ಒಂಬತ್ತನೆಯ ವಾರಕ್ಕೆ ನಿಂತಲ್ಲೇ ನಡಿಗೆ ಸೇರಿಸಿ. ಒಂದು ಹಿಮ್ಮಡಿ ಏಳುವಾಗ ಇನ್ನೊಂದು ಒತ್ತಬೇಕು. ಅಭ್ಯಾಸವಾದ ಮೇಲೆ ಪಾದವನ್ನು ಒಂದಂಗುಲ ಎತ್ತಬಹುದು. ಹತ್ತರಿಂದ ಹನ್ನೆರಡರಲ್ಲಿ ಪಕ್ಕಕ್ಕೆ ಅರ್ಧ ಹೆಜ್ಜೆ, ಮುಂದಕ್ಕೆ ಹಿಮ್ಮಡಿ ತಾಗಿಸುವುದು. ಕೈಯ ಹಿಡಿತವನ್ನೂ ಆಗ ಸಡಿಲಿಸಬಹುದು: ಮೊದಲು ಬೆರಳ ತುದಿ, ಆಮೇಲೆ ಒಂದೇ ಕೈ. ಕೈ ಪೂರ್ತಿ ಬಿಡುವ ಹಟ ಬೇಡ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಕೊನೆಯಲ್ಲೂ ಒಟ್ಟು 10–15 ನಿಮಿಷ ದಾಟಬೇಕಿಲ್ಲ. ಮಾತಾಡಲು ಬರುತ್ತದೆ, ಹಾಡಲು ಉಸಿರು ಸಾಲದು ಎಂಬಲ್ಲಿಗೆ ನಿಂತರೆ ಹದ ಸರಿ.

ಕಣ್ಣು ಎದುರು ಗೋಡೆಯ ಮೇಲಿರಲಿ. ಅಲ್ಲೊಂದು ಕ್ಯಾಲೆಂಡರ್ ತೂಗುಹಾಕಿ, ಪುಟಿಯುತ್ತ ಅದರ ತಾರೀಕುಗಳನ್ನು ಓದಲು ನೋಡಿ. ಅಂಕಿ ಮಸುಕಾಗದೆ ಕಾಣುತ್ತಿದ್ದರೆ ಕಣ್ಣು ಕಿವಿ ಹೊಂದಿಕೊಂಡಿವೆ. ಅಂಕಿಯೇ ಕುಣಿದರೆ ಎತ್ತರ ತಗ್ಗಿಸಿ.

## ಇಳಿಯುವುದು

ನಿಲ್ಲಿಸಿದ ಕೂಡಲೇ ಇಳಿಯಬೇಡಿ. ಹಾಸು ಮೆತ್ತಗಿದೆ ಎಂದು ಮೆದುಳು ಕಾಲಿನ ಬಿಗಿಯನ್ನು ಅದಕ್ಕೆ ಹೊಂದಿಸಿಕೊಂಡಿರುತ್ತದೆ. ಇಳಿದಾಗ ನೆಲ ಕಲ್ಲಿನಂತೆ, ಕಾಲು ಸೀಸದಂತೆ ಎನಿಸುವುದು ಅದಕ್ಕೇ. ದೋಣಿಯಿಂದ ದಡಕ್ಕೆ ಕಾಲಿಟ್ಟವರಿಗೆ ಈ ಅನುಭವ ಗೊತ್ತು. ಪುಟಿತವನ್ನು ಒಂದು ನಿಮಿಷದಲ್ಲಿ ಮೆಲ್ಲಗೆ ಇಳಿಸಿ, ಅರ್ಧ ನಿಮಿಷ ಹಾಸಿನ ಮೇಲೆ ಅಲುಗದೆ ನಿಲ್ಲಿ. ಕಂಬಿ ಹಿಡಿದೇ, ನೋವಿರುವ ಅಥವಾ ಬಲ ಕಡಿಮೆಯ ಕಾಲನ್ನು ಮೊದಲು ನೆಲಕ್ಕಿಳಿಸಿ. ಎರಡೂ ಕಾಲು ಬಂದ ಮೇಲೆ ಹತ್ತು ಎಣಿಸಿ, ಆಮೇಲೆ ಕಂಬಿ ಬಿಡಿ. ಫೋನ್ ರಿಂಗಾಯಿತು, ಹಾಲು ಉಕ್ಕಿತು ಎಂದು ಅವಸರದಲ್ಲಿ ಇಳಿಯುವಾಗಲೇ ಬೀಳುವುದು. ಒಲೆ ಆರಿಸಿ ಬಂದು ಹತ್ತಿ.

## ತಪ್ಪುವುದು ಎಲ್ಲಿ?

ಪಾದ ನೋಡುತ್ತ ಪುಟಿಯುವುದು ಎಲ್ಲರೂ ಮೊದಲು ಮಾಡುವ ತಪ್ಪು. ತಲೆ ಬಗ್ಗಿದರೆ ಭಾರ ಮುಂದಕ್ಕೆ ಹೋಗುತ್ತದೆ, ಬೆರಳ ಮೇಲೆ ನಿಂತಂತಾಗಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮೊಣಕಾಲನ್ನು ಕೋಲಿನಂತೆ ನೆಟ್ಟಗೆ ಮಾಡಿದರೆ ಪೆಟ್ಟು ನೇರ ನಡುವಿಗೆ. ಮರುದಿನ ಸೊಂಟ ನೋಯುವುದರ ಕಾರಣ ಹೆಚ್ಚಾಗಿ ಇದು. ಕಂಬಿಯನ್ನು ತಮ್ಮ ಕಡೆಗೆ ಎಳೆಯುವವರಿದ್ದಾರೆ: ಉದ್ದ ಕಂಬಿ ಸನ್ನೆಗೋಲಿನಂತೆ ಕೆಲಸ ಮಾಡಿ, ಮುಂದಿನ ಕಾಲುಗಳು ನೆಲ ಬಿಟ್ಟೇಳುತ್ತವೆ. ಕಂಬಿ ಇರುವುದು ಮೇಲಿಂದ ಒತ್ತಿ ಊರಿಕೊಳ್ಳಲು. ಎಣಿಸುತ್ತ ಉಸಿರು ಬಿಗಿಹಿಡಿಯುವುದು ಇನ್ನೊಂದು, ಬಿ.ಪಿ. ಏರುತ್ತದೆ. ಎಣಿಕೆಯನ್ನು ಬಾಯಿಬಿಟ್ಟು ಮಾಡಿದರೆ ಉಸಿರು ತಾನೇ ಆಡುತ್ತದೆ.

ಬೇಸಗೆ ರಜೆಯಲ್ಲಿ ಮೊಮ್ಮಕ್ಕಳು ಬಂದಾಗ ಪ್ರತ್ಯೇಕ ನಿಯಮ ಬೇಕು. ಒಂದೇ ಹಾಸಿನ ಮೇಲೆ ಇಬ್ಬರಿದ್ದರೆ, ಒಬ್ಬರು ಒತ್ತಿದ ಬಲ ಇನ್ನೊಬ್ಬರ ಕಾಲಿಗೆ ಅಕಾಲದಲ್ಲಿ ಬಂದು ತಾಗುತ್ತದೆ. ಹಗುರದವರು ಎಸೆದಂತೆ ಹಾರುತ್ತಾರೆ, ಭಾರದವರು ತಾಳ ತಪ್ಪಿ ವಾಲುತ್ತಾರೆ. ಅಜ್ಜಿ ಹಾಸಿನ ಮೇಲಿದ್ದಾಗ ಮಗು ಹತ್ತುವಂತಿಲ್ಲ, ಅಷ್ಟೇ.

ಎದೆಯಲ್ಲಿ ಬಿಗಿತ, ತಲೆಸುತ್ತು, ಕಣ್ಣೆದುರು ಮಿಂಚು ಅಥವಾ ಪರದೆ ಇಳಿದಂತಾಗುವುದು, ಬೆನ್ನಿನಲ್ಲಿ ಒಮ್ಮೆಲೇ ಚಳುಕು, ಇವು ಬಂದರೆ ನಿಲ್ಲಿಸಿ ಕೂತುಕೊಳ್ಳಿ, ವೈದ್ಯರಿಗೆ ತಿಳಿಸಿ. ಮೀನಖಂಡದ ಸಣ್ಣ ನೋವು ಎರಡು ದಿನದಲ್ಲಿ ಹೋದರೆ ತೊಂದರೆಯಿಲ್ಲ. ಕೀಲು ಬಾತರೆ, ಅಥವಾ ನೋವು ಮೂರನೆಯ ದಿನವೂ ಇದ್ದರೆ, ಹಿಂದಿನ ಹಂತಕ್ಕೆ ಇಳಿಯಿರಿ.

## ಹಾಸಿಲ್ಲದವರು

ಮಂಚದ ಹಾಸಿಗೆಯ ಮೇಲೆ ನಿಂತು ಪುಟಿಯುವುದು ಬದಲಿಯಲ್ಲ. ಅಲ್ಲಿ ಹಿಡಿಯಲು ಕಂಬಿಯಿಲ್ಲ, ಅಂಚು ಕುಸಿಯುತ್ತದೆ, ಕಾಲು ಹುಗಿಯುತ್ತದೆ. ಅಡಿಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತರಂತೆ ಎರಡು ಸಲ, ಮೇಲೆ ಹೋಗಲು ಎರಡು ಎಣಿಕೆ, ಇಳಿಯಲು ಮೂರು. ಕುರ್ಚಿಯಿಂದ ಕೈ ಊರದೆ ಏಳುವುದು ಎಂಟು ಸಲ. ಆಗದಿದ್ದರೆ ಕುರ್ಚಿಯ ಮೇಲೊಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಗೋಡೆಗೆ ಬೆರಳು ತಾಗಿಸಿಕೊಂಡು, ಹಿಮ್ಮಡಿಗೆ ಬೆರಳು ಕೂಡಿಸಿ ಒಂದೇ ಗೆರೆಯಲ್ಲಿ ಹತ್ತು ಹೆಜ್ಜೆ, ಸಂಕ ದಾಟಿದಂತೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಮಾಡಬೇಕಾದ ಆರು ವಾರದ ಕೆಲಸ ಇದೇ, ವಾರಕ್ಕೆ ಮೂರು ದಿನ. ಆಮೇಲೆ ಮತ್ತೆ ಅದೇ ಕುರ್ಚಿ, ಅದೇ 30 ಸೆಕೆಂಡು. ಬರೆದಿಟ್ಟ ಅಂಕಿ ಮೇಲೇರಿದ್ದರೆ ಹಾಸಿನ ಮೊದಲ ವಾರಕ್ಕೆ ಬರಬಹುದು, ಇಲ್ಲವಾದರೆ ಫಿಸಿಯೊಥೆರಪಿಯವರು ಒಮ್ಮೆ ನಡಿಗೆಯನ್ನು ನೋಡಲಿ.